ಉಸಿರಾಡಿದ ಮುಖವಾಡ

"ಅತ್ತೆ, ಇವರ ಹುಬ್ಬು ಯಾಕೆ ಹೀಗಿದೆ? ಯಾರೋ ಇಸ್ತ್ರಿ ಹಾಕಿದ ಹಾಗೆ?"

ಅತ್ತೆ ಕನ್ನಡಕವನ್ನು ಹಣೆಗೇರಿಸಿ, ಮುಖವಾಡವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ರೋಗಿಯ ದವಡೆ ನೋಡುವ ಹಾಗೆ ನೋಡುತ್ತಿದ್ದಳು.

ಮಣ್ಣಿನ ಕೆಲಸದ ಕೊಠಡಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ಇದ್ದದ್ದು ಮಣ್ಣಿನ ಮೇಡಂ ಒಬ್ಬರೇ. ಮಕ್ಕಳಿಗೆ ಮಡಕೆ, ಮುಖವಾಡ ಕಲಿಸುವ ಆ ಹೆಂಗಸು ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದರು.

"ಬೇಗ ನೋಡಿ ಮುಗಿಸಿ. ದೊಡ್ಡಮ್ಮನಿಗೆ ಗೊತ್ತಾದರೆ ಮೊದಲು ನನ್ನನ್ನೇ ಭಟ್ಟಿಗೆ ಹಾಕ್ತಾರೆ."

ಬೆಳಿಗ್ಗೆ ಮಣ್ಣು ಸುಡುವ ಭಟ್ಟಿಯ ಮುಚ್ಚಳ ತೆಗೆದಾಗ, ಮಕ್ಕಳು ಮಾಡಿದ ಮೀನು, ಆಮೆ, ಏಡಿಗಳ ಮುಖವಾಡಗಳ ನಡುವೆ ಯಾರೂ ಮಾಡದ ಒಬ್ಬ ಮನುಷ್ಯನ ಮುಖ ಕಣ್ಣು ಮುಚ್ಚಿ ಮಲಗಿತ್ತು. ಆಫೀಸಿನ ಹಳೆಯ ಫೋಟೋ ನೋಡಿದ್ದವರೆಲ್ಲ ಗುರುತು ಹಿಡಿದರು: ಅದು ಈ ಮಕ್ಕಳ ಶಿಬಿರ ನಡೆಸುವ ದೊಡ್ಡಮ್ಮನ ತಮ್ಮನ ಮುಖ, ಹರೆಯದಲ್ಲೇ ಮನೆ ಬಿಟ್ಟು ಹೋಗಿ ಎಲ್ಲೋ ಸತ್ತನೆಂದು ಊರೆಲ್ಲ ನಂಬಿದ್ದವನ ಮುಖ.

ದೊಡ್ಡಮ್ಮ ಅದನ್ನು ಒಂದೇ ಒಂದು ಸಲ ನೋಡಿದ್ದರು. "ಬಟ್ಟೆ ಹಾಕಿ ಮುಚ್ಚಿ ಅದನ್ನ," ಅಂದಿದ್ದರು. ಆಮೇಲೆ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ತೀರ್ಪು ಕೊಟ್ಟಿದ್ದರು: "ಈ ಕೀಟಲೆ ಯಾರದು ಅಂತ ಸಂಜೆ ಚಹಾದ ಹೊತ್ತಿಗೆ ಗೊತ್ತಾಗಬೇಕು. ಇಲ್ಲಾಂದ್ರೆ ಶಿಬಿರ ಇವತ್ತಿಗೇ ಮುಗೀತು. ನಾಳೆ ಎಲ್ಲರೂ ಗಂಟುಮೂಟೆ ಕಟ್ಟಿ."

ಗಂಟುಮೂಟೆ! ಭಾನುವಾರ ತಿಮಿಂಗಿಲದ ನಾಟಕ! ಊರಿಗೆ ಊರೇ ನೋಡಲು ಬರುವುದಿತ್ತು. ಶಾಲೆಯ ನಾಟಕಗಳಲ್ಲಿ ವರ್ಷಾನುವರ್ಷ ಮರದ ಪಾತ್ರ ಮಾಡಿ, ಕೈ ಚಾಚಿಕೊಂಡು ಸುಮ್ಮನೆ ನಿಂತು, ಒಂದು ಸಲ ನಿಂತಲ್ಲೇ ನಿದ್ದೆಯನ್ನೂ ಹೊಡೆದಿದ್ದ ನಮ್ಮ ಯಾಕಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ಮಾತಿರುವ ಪಾತ್ರ ಸಿಕ್ಕಿತ್ತು. ಅದೂ ಎಂಥ ಪಾತ್ರ! ತಿಮಿಂಗಿಲದ ದನಿ.

ಯಾಕಮ್ಮ ಅವಳ ಹೆಸರಲ್ಲ, ಹೇಳಬೇಕಾಗಿಲ್ಲ. ಬಂದ ದಿನವೇ ಊಟದ ಸಾಲಿನಲ್ಲಿ ನಿಂತು ತಟ್ಟೆ ಯಾಕೆ ದುಂಡಗಿದೆ, ಸಾಲು ಯಾಕೆ ಎಡದಿಂದ, ಗಂಟೆ ಯಾಕೆ ಎರಡು ಸಲ ಎಂದು ಕೇಳಿ ಕೇಳಿ ಗಳಿಸಿದ ಬಿರುದು ಅದು. ಹದಿಮೂರರ ಹುಡುಗಿ, ಕೋಲು ಮೂಗು, ಮೊಣಕೈ ತುಂಬ ಬಣ್ಣ. "ಯಾಕಮ್ಮ, ಯಾಕಮ್ಮಾ ಅಳ್ತಾ ಇದ್ದೀಯ?" ಎಂದು ಯಾರಾದರೂ ಕೇಳಿದರೆ ಅಳುತ್ತಿದ್ದವಳೂ ನಗಬೇಕು.

ಮಗುವಿನ ಜೊತೆ ಬಂದ ದೊಡ್ಡವರೂ ಒಂದು ಕಲೆ ಕಲಿಯಲೇಬೇಕು ಎಂಬುದು ಈ ಶಿಬಿರದ ನಿಯಮ. ಹಾಗಾಗಿ ಊರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ಅವಳ ಸೋದರತ್ತೆ ಇಲ್ಲಿ ಹಾಡಲು ಕಲಿಯುತ್ತಿದ್ದಳು. ಹಲ್ಲು ಕೀಳಿಸಿಕೊಳ್ಳುವವರ ಕೂಗು ಕೇಳಿ ಕೇಳಿ ಅವಳ ಶ್ರುತಿ ಅಲ್ಲೇ ನಿಂತಿದೆ ಎಂದು ಸಂಗೀತದ ಮೇಷ್ಟ್ರು ಕೈ ಚೆಲ್ಲಿದ್ದರು. ಆದರೆ ಈ ಹೊತ್ತು ಬೇಕಾಗಿದ್ದದ್ದು ಅವಳ ಕಂಠವಲ್ಲ, ಕಣ್ಣು.

"ಇಲ್ಲಿ ನೋಡು," ಎಂದಳು ಅತ್ತೆ ಕೊನೆಗೆ. ದನಿ ತಗ್ಗಿತ್ತು. "ಮೂಗಿನ ಪಕ್ಕ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣ್ತಿವೆಯಾ?"

"ಮೊಡವೆಯಾ?"

"ಅಲ್ಲ. ಹಲ್ಲಿನ ಅಚ್ಚು ತೆಗೀವಾಗ ಪ್ಲಾಸ್ಟರಿನೊಳಗೆ ಗಾಳಿ ಸಿಕ್ಕಿಹಾಕಿಕೊಂಡ್ರೆ ಅಲ್ಲೊಂದು ಗುಂಡಿ ಬೀಳುತ್ತೆ. ಆ ಅಚ್ಚಿಗೆ ಏನನ್ನ ಒತ್ತಿದರೂ ಗುಂಡಿ ಇದ್ದ ಕಡೆ ಹೀಗೇ ಗುಳ್ಳೆ ಏಳುತ್ತೆ. ನನ್ನ ಕ್ಲಿನಿಕ್ಕಿನಲ್ಲಿ ದಿನಾ ನೋಡ್ತೀನಿ. ಇದನ್ನ ಯಾರೂ ಕೈಯಲ್ಲಿ ತಿದ್ದಿ ಮಾಡಿಲ್ಲ. ಒಬ್ಬರ ಮುಖಕ್ಕೇ ಪ್ಲಾಸ್ಟರ್ ಹಾಕಿ ಅಚ್ಚು ತೆಗೆದು, ಆ ಅಚ್ಚಿಗೆ ಮಣ್ಣು ಒತ್ತಿದ್ದಾರೆ."

ಬಾಗಿಲಲ್ಲಿದ್ದ ಮಣ್ಣಿನ ಮೇಡಂ ಕಾವಲು ಮರೆತು ಓಡಿಬಂದರು. "ಅದಕ್ಕೇ ಹುಬ್ಬು ಹಾಗೆ! ಕೂದಲು ಕಿತ್ತು ಬರಬಾರದು ಅಂತ ಹುಬ್ಬಿಗೆ ಜಿಡ್ಡು ಮೆತ್ತುತ್ತಾರೆ. ಅಂಟಿಕೊಂಡು ಚಪ್ಪಟೆ ಆಗುತ್ತೆ."

"ಮತ್ತೆ ಈ ಗೆರೆ?" ಯಾಕಮ್ಮ ಬೆರಳಿಟ್ಟಳು. ಕಣ್ಣಿನ ತುದಿಯಿಂದ ಕೆನ್ನೆಗೆ ಇಳಿದ ಸುಕ್ಕುಗಳು, ಬಾಯಿಯ ಎರಡೂ ಕಡೆ ಆಳವಾದ ಗೆರೆ, ಕುತ್ತಿಗೆಯ ಜೋಲು. "ಆಫೀಸಿನ ಫೋಟೋದಲ್ಲಿ ಇವರು ಕಾಲೇಜಿನ ಹುಡುಗ. ಇಲ್ಲಿ ತಾತ."

ಫೋಟೋ ನೋಡಿಕೊಂಡು ಯಾರೋ ಮಾಡಿದ್ದು ಎಂದು ಬೆಳಿಗ್ಗೆಯಿಂದ ಇಡೀ ಶಿಬಿರ ಮಾತಾಡಿಕೊಂಡಿತ್ತು. ಫೋಟೋದಲ್ಲಿ ಇಲ್ಲದ ಮುಪ್ಪನ್ನು ಯಾರು ತಾನೆ ನೋಡಿ ಮಾಡಿಯಾರು?

"ಅಂದ್ರೆ ಇವರು ಹರೆಯದಲ್ಲಿ ಸಾಯಲಿಲ್ಲ," ಎಂದಳು ಯಾಕಮ್ಮ. "ಮುದುಕ ಆಗುವವರೆಗೂ ಬದುಕಿದ್ರು. ಈಗಲೂ ಇರಬಹುದು!"

ಅತ್ತೆ ಮುಖವಾಡವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಆಸೆ ಇಟ್ಟುಕೊಳ್ಳಬೇಡ, ಪುಟ್ಟಿ. ಸತ್ತವರ ಮುಖದಿಂದಲೂ ಅಚ್ಚು ತೆಗೀತಾರೆ. ನೆನಪಿಗೆ ಅಂತ. ಕಣ್ಣು ಮುಚ್ಚಿದೆ ನೋಡು."

ಮಣ್ಣಿನ ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು.

ಯಾಕಮ್ಮ ಸರಿಯಲಿಲ್ಲ. ಮುಖದ ಹತ್ತಿರ ಮುಖ ತಂದು, ಇನ್ನೇನು ಮೂಗಿಗೆ ಮೂಗು ತಾಗಬೇಕು ಅನ್ನುವಷ್ಟು ಬಗ್ಗಿದಳು. ಹಣೆ ನೋಡಿದಳು. ಕಿವಿ ನೋಡಿದಳು. ಆಮೇಲೆ ಒಮ್ಮೆಲೇ ಓಡಿಹೋಗಿ ಗೋಡೆಯ ಕನ್ನಡಿಯಲ್ಲಿ ತನ್ನ ಮೂಗನ್ನು ನೋಡಿಕೊಂಡಳು. ತಿರುಗಿ ಬಂದು ಅತ್ತೆಯ ಗಲ್ಲ ಹಿಡಿದೆತ್ತಿ ಅವಳ ಮೂಗನ್ನೂ ನೋಡಿದಳು.

"ಏಯ್, ಏನೇ ಇದು?"

"ಅತ್ತೆ, ನಿನ್ನ ಹೊಳ್ಳೆ ಉದ್ದಕ್ಕಿದೆ. ನಂದೂ ಉದ್ದಕ್ಕಿದೆ. ಇವರದ್ಯಾಕೆ ಗುಂಡಗಿದೆ? ಎರಡೂ ಒಂದೇ ಅಳತೆ, ಕೊರೆದ ಹಾಗೆ! ಒಳಗೆ ಏನೋ ತೂರಿಸಿದ್ರು. ಕೊಳವೆ! ಮುಖದ ಮೇಲೆಲ್ಲ ಪ್ಲಾಸ್ಟರ್ ಹಾಕಿದಾಗ ಉಸಿರಾಡೋಕೆ!"

ಅತ್ತೆ ಬಗ್ಗಿ ಹೊಳ್ಳೆಯ ಅಂಚಿಗೆ ಕಿರುಬೆರಳಿಟ್ಟು ನೋಡಿದಳು.

"ಸತ್ತವರಿಗೆ ಉಸಿರಾಡೋ ಕೊಳವೆ ಯಾಕೆ?" ಎಂದಳು ಯಾಕಮ್ಮ.

ಮಣ್ಣಿನ ಮೇಡಂ ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. ಅತ್ತೆ ಸೊಸೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿಗೆ ಮುತ್ತಿಟ್ಟಳು. "ಬದುಕಿದ್ದಾನೆ! ಅಚ್ಚು ತೆಗೆದ ಹೊತ್ತಿಗಂತೂ ಬದುಕಿದ್ದ!"

"ಕೂಗಬೇಡಿ!" ಎಂದು ಮಣ್ಣಿನ ಮೇಡಂ ಕೂಗಿದರು.

ಇನ್ನು ಉಳಿದದ್ದು ಒಂದೇ. ಇಟ್ಟವರು ಯಾರು?

"ನಿನ್ನೆ ಭಟ್ಟಿ ಜೋಡಿಸುವಾಗ ಯಾರ್ಯಾರು ಬಂದಿದ್ರು, ಮೇಡಂ?" ಯಾಕಮ್ಮ ಕೇಳಿದಳು. ಕೇಳುವಾಗಲೇ ಒಂದು ಅನುಮಾನ ಇಣುಕಿತು: ಬೇಲಿಯೇ ಎದ್ದು ಹೊಲ ಮೇಯ್ದರೆ?

ಮೇಡಂ ಅದನ್ನು ಅವಳ ಮುಖದಲ್ಲೇ ಓದಿದರು. "ನನ್ನನ್ನ ಹಾಗೆ ನೋಡಬೇಡ. ನಾನೇ ಆಗಿದ್ರೆ ನನ್ನ ಮಣ್ಣಲ್ಲೇ ಮಾಡ್ತಿದ್ದೆ, ಇಲ್ಲಿ ಚೀಲಗಟ್ಟಲೆ ಬಿದ್ದಿದೆ. ಅದು ಸುಟ್ಟರೆ ಬೆಳ್ಳಗಾಗುತ್ತೆ. ಇದು ಇಟ್ಟಿಗೆಯ ಹಾಗೆ ಕೆಂಪು, ಹೊರಗಿನ ಮಣ್ಣು. ಚೆನ್ನಾಗಿ ಒಣಗಿಸಿ ತಂದಿದ್ದಾರೆ. ಹಸಿ ಇದ್ದಿದ್ರೆ ಬೆಂಕಿಯಲ್ಲಿ ಢಮ್ ಅಂತ ಸಿಡಿದು ನಿಮ್ಮ ಆಮೆ ಏಡಿಗಳನ್ನೂ ಜೊತೆಗೆ ಕರಕೊಂಡು ಹೋಗ್ತಿತ್ತು."

"ಬಂದವರು?"

"ದೊಡ್ಡಮ್ಮ ಒಮ್ಮೆ ಇಣುಕಿ ನೋಡಿ ಹೋದ್ರು. ಆಮೇಲೆ..." ಮೇಡಂ ತಡೆದರು. "ನಾಟಕದ ಮೇಷ್ಟ್ರು. ಏಡಿಯ ಕೊಂಬು ಸರಿಯಾಗಿದೆಯಾ ನೋಡ್ತೀನಿ ಅಂತ ಬಂದ್ರು. 'ನೀವು ಹೋಗಿ ನೀರು ಕುಡಿದು ಬನ್ನಿ, ನಾನು ಇಲ್ಲಿರ್ತೀನಿ' ಅಂದ್ರು. ಎಂಥ ಒಳ್ಳೆಯವರಪ್ಪ ಅಂದುಕೊಂಡೆ."

ಯಾಕಮ್ಮ ಆಗಲೇ ಬಾಗಿಲು ದಾಟಿದ್ದಳು.

* * *

ಶಿಬಿರ ನಡೆಯುತ್ತಿದ್ದದ್ದು ಊರಂಚಿನ ಹಳೆಯ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ. ಕಡ್ಡಿ ಒಣಗಿಸುತ್ತಿದ್ದ ಉದ್ದನೆಯ ಹಾಲಿನಲ್ಲಿ ಈಗ ಮಕ್ಕಳ ಹಾಸಿಗೆಗಳು. ಪೊಟ್ಟಣಕ್ಕೆ ಚೀಟಿ ಅಂಟಿಸುತ್ತಿದ್ದ ಕೋಣೆಯಲ್ಲಿ ನಾಟಕದ ಉಡುಪುಗಳು. ಗೋಡೆಯ ಗಾರೆಯಲ್ಲಿ ಇನ್ನೂ ರಂಜಕದ ವಾಸನೆ ಕುಳಿತಿತ್ತು.

ನಾಟಕದ ಮೇಷ್ಟ್ರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆಕ್ಟೋಪಸ್ ವೇಷದ ಎಂಟನೇ ಕಾಲಿಗೆ ಹೊಲಿಗೆ ಹಾಕುತ್ತಿದ್ದರು. ಈ ವರ್ಷವೇ ಹೊಸದಾಗಿ ಬಂದವರು. ಉದ್ದ ಕೂದಲು, ಚೂಪು ಗಡ್ಡ, ನಡೆದರೆ ನೆಲಕ್ಕೂ ಕೇಳದ ಹೆಜ್ಜೆ. ಮಕ್ಕಳಿಗೆಲ್ಲ ಅವರೆಂದರೆ ಪ್ರಾಣ.

ಯಾಕಮ್ಮನಿಗೂ ಪ್ರಾಣವೇ. ತಿಮಿಂಗಿಲದ ದನಿ ಕೊಟ್ಟವರು ಇವರೇ ತಾನೆ? ಅದಕ್ಕೇ ಬಾಗಿಲಲ್ಲಿ ಒಂದು ಕ್ಷಣ ಅವಳ ಕಾಲು ಹಿಂದೇಟು ಹಾಕಿತು. ಹಿಂದಿನಿಂದ ಬಂದ ಅತ್ತೆ ಅವಳ ಬೆನ್ನಿಗೆ ಕೈ ಕೊಟ್ಟಳು.

"ಮೇಷ್ಟ್ರೇ, ಆ ಮೂಲೆಯಲ್ಲಿರೋ ಚೀಲ ಏನು?"

"ಯಾವುದು? ಅದಾ? ಪ್ಲಾಸ್ಟರ್."

"ಯಾಕೆ?"

"ಬಂತಪ್ಪ ಯಾಕಮ್ಮನ ಯಾಕೆ!" ಮೇಷ್ಟ್ರು ತಲೆ ಎತ್ತದೆ ನಕ್ಕರು. "ನಾಟಕದಲ್ಲಿ ಸಮುದ್ರ ಇದೆ. ಸಮುದ್ರದಲ್ಲಿ ಬಂಡೆ ಇದೆ. ಬಂಡೆಗೆ ಪ್ಲಾಸ್ಟರ್ ಬೇಕು."

"ಬಂಡೆ ಮಾಡಿದ್ದು ನಾವು. ಹಳೇ ಪೇಪರು, ಗೋಂದು. ನನ್ನ ಜಡೆಯಲ್ಲಿ ಇನ್ನೂ ಗೋಂದು ಹೋಗಿಲ್ಲ. ಬಂಡೆಗೆ ಒಂದು ಚಮಚ ಪ್ಲಾಸ್ಟರೂ ಹಾಕಿಲ್ಲ. ಆದ್ರೂ ಚೀಲ ಅರ್ಧ ಖಾಲಿ."

ಸೂಜಿ ನಿಂತಿತು. ಮತ್ತೆ ಹೊರಟಿತು.

"ಹೋದ ಊರಲ್ಲಿ ಬಳಸಿದ್ದು."

"ಅಲ್ಲೂ ಬಂಡೆಗೇನಾ?"

"ಹೂಂ."

"ಮೂಗು, ಬಾಯಿ ಇರೋ ಬಂಡೆಯಾ?" ಅತ್ತೆ ಬಾಯಿ ಹಾಕಿದಳು.

ಈಗ ಮೇಷ್ಟ್ರು ತಲೆಯೆತ್ತಿದರು. ಕತ್ತು ಹಿಂದಕ್ಕೆ ಚಾಚಿ, ಕೋಣೆ ಮೊಳಗುವ ಹಾಗೆ ಹಹ್ಹಹ್ಹಾ ಎಂದು ನಕ್ಕರು. ರಾಜನ ಪಾತ್ರದವರು ನಗುವ ನಗು.

ಯಾಕಮ್ಮ ನಗಲಿಲ್ಲ. "ಮೇಷ್ಟ್ರೇ, ನೀವೇ ಹೇಳಿಕೊಟ್ಟಿದ್ದು. ನಟನೆಯ ನಗು ಹೊಟ್ಟೆಯಿಂದ ಬರಬೇಕು ಅಂತ. ಈಗ ನೀವು ಹೊಟ್ಟೆಯಿಂದ ನಕ್ಕಿರಿ. ನಿಜವಾಗಿ ನಗು ಬಂದಾಗ ನೀವು ಮೂಗಿನಿಂದ ನಗ್ತೀರಿ. ಹಂದಿಮರಿ ಹಾಗೆ."

ನಗು ಅರ್ಧಕ್ಕೇ ಬಿತ್ತು.

"ಆ ಮುಖದವರು ಬದುಕಿದ್ದಾರೆ ಅಂತ ನಮಗೆ ಗೊತ್ತು," ಎಂದಳು ಅವಳು. "ಮೂಗಿಗೆ ಕೊಳವೆ ಇಟ್ಟು ನೀವು ಅಚ್ಚು ತೆಗೆದಿರಿ. ನಿನ್ನೆ ಮೇಡಂನ ನೀರಿಗೆ ಕಳಿಸಿ ಭಟ್ಟಿಯಲ್ಲಿಟ್ಟಿರಿ. ಸಂಜೆ ಒಳಗೆ ನೀವು ಹೇಳದಿದ್ರೆ ಶಿಬಿರಾನೇ ಮುಚ್ಚುತ್ತೆ. ಎಲ್ಲರೂ ಅಳ್ತಿದ್ದಾರೆ, ಮೇಷ್ಟ್ರೇ. ಏಡಿ ಪಾತ್ರದವಳು ಊಟಾನೂ ಮಾಡಿಲ್ಲ. ಯಾಕೆ ಹೀಗೆ ಮಾಡಿದಿರಿ?"

ಮೇಷ್ಟ್ರು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಿದ್ದರು. ರಕ್ತದ ಹನಿ ನೋಡುತ್ತಾ ಕೂತರು. ಆಕ್ಟೋಪಸ್ಸಿನ ಎಂಟು ಕಾಲುಗಳೂ ಅವರ ತೊಡೆಯ ಮೇಲಿಂದ ಜಾರಿ ನೆಲಕ್ಕೆ ಬಿದ್ದವು.

"ಅದು ನಮ್ಮಪ್ಪನ ಮುಖ," ಎಂದರು.

ಅತ್ತೆ ಹತ್ತಿರದ ಪೆಟ್ಟಿಗೆಯನ್ನು ಎಳೆದುಕೊಂಡು ಕೂತಳು.

"ಅಜ್ಜ ಈ ಕಾರ್ಖಾನೆ ಕಟ್ಟಿದವರು. ಮಗ ಇದನ್ನ ನೋಡ್ಕೋಬೇಕು ಅಂತ ಅವರಿಗೆ. ಅಪ್ಪನಿಗೆ ನಾಟಕದ ಹುಚ್ಚು. ಒಂದು ದಿನ ನಾಟಕದ ಕಂಪನಿ ಜೊತೆ ಹೇಳದೆ ಕೇಳದೆ ಹೊರಟುಹೋದ್ರು. ತಡೆದದ್ದು ಅವರ ಅಕ್ಕ ಒಬ್ಬಳೇ. ಬಸ್ಸಿನ ಕಿಟಕಿ ಹಿಡ್ಕೊಂಡು ಓಡಿದಳಂತೆ. ಅಪ್ಪ ಗಾಜು ಏರಿಸಿಬಿಟ್ರಂತೆ." ಮೇಷ್ಟ್ರ ದನಿ ಈಗ ಹೊಟ್ಟೆಯಿಂದಲೂ ಇರಲಿಲ್ಲ, ಮೂಗಿನಿಂದಲೂ ಅಲ್ಲ, ಗಂಟಲಲ್ಲೇ ಸಿಕ್ಕಿಕೊಂಡಿತ್ತು. "ಆ ಗಾಜಿನ ಮಾತು ನಮ್ಮನೆಯಲ್ಲಿ ವರ್ಷಕ್ಕೊಂದು ಸಲವಾದ್ರೂ ಬರ್ತಿತ್ತು. ಮೊನ್ನೆ ಮೊನ್ನೆ ಯಾರೋ ಹೇಳಿದ್ರು, ಅಕ್ಕ ಬಹಳ ವರ್ಷ ಪರದೇಶದಲ್ಲಿದ್ದು ವಾಪಸ್ ಬಂದು, ಕಾರ್ಖಾನೆಯಲ್ಲಿ ಮಕ್ಕಳ ಶಿಬಿರ ನಡೆಸ್ತಿದ್ದಾಳೆ ಅಂತ. ಅವತ್ತಿಂದ ಅಪ್ಪನಿಗೆ ನಿದ್ದೆ ಇಲ್ಲ."

"ಮತ್ತೆ ನೆಟ್ಟಗೆ ಬಂದು ಬಾಗಿಲು ತಟ್ಟೋದಲ್ವಾ? ಯಾಕೆ ಇಷ್ಟೆಲ್ಲ?"

"ಅಕ್ಕನಿಗೆ ಮುಖ ತೋರಿಸೋಕೆ ನನಗೆ ಮುಖ ಇಲ್ಲ ಅಂದ್ರು ಅಪ್ಪ." ಮೇಷ್ಟ್ರು ಕಣ್ಣೊರೆಸಿಕೊಂಡರು. "ಹಾಗಾದ್ರೆ ಮುಖಾನ ನಾನು ತೋರಿಸ್ತೀನಿ ಅಂದೆ. ನಾಟಕದವನ ತಲೆ, ಇನ್ನೇನು ಹೊಳೀಬೇಕು? ಭಟ್ಟಿ ತೆಗೀತಾರೆ, ದೊಡ್ಡಮ್ಮ, ಅಂದ್ರೆ ನನ್ನ ಅತ್ತೆ, ನೋಡ್ತಾರೆ, ನನ್ನ ತಮ್ಮ ಎಲ್ಲಿ ಅಂತ ಕೂಗ್ತಾರೆ, ಆಗ ನಾನು ಮುಂದೆ ಬಂದು ಹೇಳ್ತೀನಿ ಅಂದುಕೊಂಡಿದ್ದೆ. ಅವರು ಬಟ್ಟೆ ಮುಚ್ಚಿ ಅಂದ್ರು. ನನ್ನ ಬಾಯಿಗೇ ಬಟ್ಟೆ ತುರುಕಿದ ಹಾಗಾಯ್ತು."

"ಅಪ್ಪನಿಗೆ ಹೇಳಿದ್ರಾ?"

"ಫೋನ್ ಮಾಡಿದೆ. 'ಸರಿ ಬಿಡು, ಅವಳಿಗೆ ನಾನು ಬೇಡ' ಅಂದ್ರು. ಚೀಲ ತುಂಬ್ತಿದ್ದಾರೆ. ಮಧ್ಯಾಹ್ನದ ಬಸ್ಸಿಗೆ ಹೋಗ್ತಾರಂತೆ."

"ಎಲ್ಲಿಂದ?"

"ಇಲ್ಲೇ. ಬಸ್ ನಿಲ್ದಾಣದ ಎದುರು, ಸೈಕಲ್ ಅಂಗಡಿಯ ಮಹಡಿ ಮೇಲೆ. ಬಂದಾಗಿನಿಂದ ಕಿಟಕಿಯ ಹೊರಗೂ ತಲೆ ಹಾಕಿಲ್ಲ."

ಈ ಊರಲ್ಲೇ! ಅಷ್ಟು ವರ್ಷ ಕಾಣದ ಅಕ್ಕ ತಮ್ಮ ಒಂದೇ ಊರಿನ ಎರಡು ತುದಿಯಲ್ಲಿ ಕೂತಿದ್ದಾರೆ. ನಡುವೆ ಇರುವುದು ಒಂದು ಮಾರುಕಟ್ಟೆ, ಒಂದು ಸೇತುವೆ, ಒಂದು ಬಸ್ಸು.

"ಸ್ವಲ್ಪ ನಿಧಾನ," ಎಂದಳು ಅತ್ತೆ. "ದೊಡ್ಡಮ್ಮನ ಮನಸ್ಸಲ್ಲಿ ಏನಿದೆಯೋ. ಮೊದಲು ನಾನು ಹೋಗಿ ಮೆತ್ತಗೆ ಮಾತಾಡಿ..."

ಮಾತಾಡುವುದೆಲ್ಲಿ ಬಂತು? ಸೊಸೆಯ ಚಪ್ಪಲಿಯ ಸದ್ದು ಆಗಲೇ ಅಂಗಳದಲ್ಲಿ ಕೇಳುತ್ತಿತ್ತು.

* * *

ಅಂಗಳದಲ್ಲಿ ಶಿಬಿರದ ಹಳೆಯ ಪಿಕಪ್ ಗಾಡಿ ನಿಂತಿತ್ತು. ಅದರ ಮೇಲೆ ತಿಮಿಂಗಿಲ. ಬಿದಿರು, ಪೇಪರು, ಬಟ್ಟೆಯಲ್ಲಿ ಕಟ್ಟಿದ ಆ ಮಹಾಕಾಯ ಗಾಡಿಗಿಂತ ಉದ್ದವಿತ್ತು. ಬಾಲ ಹಿಂದಕ್ಕೆ ಜೋತಾಡುತ್ತಿತ್ತು. ಶಿಬಿರ ನಿಲ್ಲಿಸುವ ಮಾತಾಡಿದ ದೊಡ್ಡಮ್ಮನೇ ಏಣಿ ಹತ್ತಿ ಅದಕ್ಕೆ ನೀಲಿ ಬಳಿಯುತ್ತಿದ್ದರು. ಎತ್ತರದ ಹೆಂಗಸು, ಬೆಳ್ಳಿ ಕೂದಲು, ಕಪ್ಪು ಗಾಜಿನ ಹಾಗೆ ಹೊಳೆಯುವ ಕಣ್ಣು.

"ದೊಡ್ಡಮ್ಮಾ! ದೊಡ್ಡಮ್ಮಾ, ನಿಮ್ಮ ತಮ್ಮ ಬದುಕಿದ್ದಾರೆ!"

ಕುಂಚ ನಿಂತಿತು. ನೀಲಿ ಬಣ್ಣ ಅವರ ಕೈಯಿಂದ ಮೊಣಕೈವರೆಗೂ ಹರಿಯಿತು.

"ಏನಂದೆ?"

ಯಾಕಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೂಗು, ಕೊಳವೆ, ಪ್ಲಾಸ್ಟರು, ಅಪ್ಪ, ಮಗ, ಬಸ್ಸು. ಹೇಳುತ್ತ ಹೇಳುತ್ತ ಕುಣಿಯುತ್ತಿದ್ದಳು. ದೊಡ್ಡಮ್ಮ ಒಂದೊಂದೇ ಮೆಟ್ಟಿಲಾಗಿ ಏಣಿಯಿಂದ ಇಳಿದರು.

"ಇದು ಇನ್ನು ಯಾರಿಗೆಲ್ಲ ಗೊತ್ತು?"

"ಅತ್ತೆಗೆ, ಮೇಷ್ಟ್ರಿಗೆ. ಮಣ್ಣಿನ ಮೇಡಂಗೆ ಅರ್ಧ."

ದೊಡ್ಡಮ್ಮನ ತುಟಿ ನಡುಗಿತು. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡಳು ಯಾಕಮ್ಮ. ಅವಳ ಕಣ್ಣೂ ತುಂಬಿ ಬಂತು. ಓಡಿಬಂದ ಮೇಷ್ಟ್ರು ದೂರದಲ್ಲೇ ತಲೆ ತಗ್ಗಿಸಿ ನಿಂತರು. ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಸ್ಸು ಎಷ್ಟು ಹೊತ್ತಿಗೆ?"

"ಇನ್ನೇನು ಹೊರಡುತ್ತೆ, ಅತ್ತೆ," ಎಂದರು ಮೇಷ್ಟ್ರು.

"ಹಾಗಾದ್ರೆ ಗಾಡಿ ತೆಗಿ."

ತಿಮಿಂಗಿಲ ಇಳಿಸಲು ಪುರುಸೊತ್ತಿರಲಿಲ್ಲ. ಮೇಷ್ಟ್ರು ಸ್ಟೇರಿಂಗ್ ಹಿಡಿದರು, ದೊಡ್ಡಮ್ಮ ಪಕ್ಕದಲ್ಲಿ ಕೂತರು. ಅತ್ತೆ ಮತ್ತು ಯಾಕಮ್ಮ ಹಿಂದೆ ಹತ್ತಿ ತಿಮಿಂಗಿಲದ ಹೊಟ್ಟೆಯ ಕೆಳಗೆ ನುಸುಳಿ ಬಿದಿರು ಹಿಡಿದುಕೊಂಡರು. ಗಾಡಿ ಕಾರ್ಖಾನೆಯ ಗೇಟು ದಾಟಿ ಬೀದಿಗೆ ಹಾರಿತು.

ಆ ಪಯಣ! ಯಾಕಮ್ಮ ಸಾಯುವವರೆಗೆ ಮರೆಯಲಾರಳು. ಗಾಳಿಗೆ ತಿಮಿಂಗಿಲದ ಬಾಯಿ ಪಟಪಟನೆ ತೆರೆದು ಮುಚ್ಚುತ್ತಿತ್ತು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದವನೊಬ್ಬ ನೊರೆಯ ಸಮೇತ ಹೊರಗೋಡಿ ಬಂದ. ತರಕಾರಿ ಮಾರುವವರು ತಕ್ಕಡಿ ಬಿಟ್ಟು ಎದ್ದು ನಿಂತರು. ನಾಟಕ ಇವತ್ತೇ ಶುರುವಾಯಿತೆಂದು ತಿಳಿದ ಮಕ್ಕಳು ಚಪ್ಪಾಳೆ ತಟ್ಟುತ್ತಾ ಗಾಡಿಯ ಹಿಂದೆ ಬಿದ್ದರು. ಸೇತುವೆಯ ತಿರುವಿನಲ್ಲಿ ಬಾಲ ಒಂದು ದೀಪದ ಕಂಬಕ್ಕೆ ಬಡಿದು ಅತ್ತೆ ಕಿರುಚಿದಳು. ಸಂಗೀತದ ಮೇಷ್ಟ್ರು ಕೇಳಿದ್ದರೆ ಮೆಚ್ಚುತ್ತಿದ್ದರು, ಅಂಥ ಮೇಲಿನ ಸ್ವರ.

"ಅತ್ತೆ, ಅವರು ತಬ್ಬಿಕೊಂಡು ಅಳ್ತಾರಲ್ವಾ?" ಯಾಕಮ್ಮ ಗಾಳಿಯಲ್ಲಿ ಕೂಗಿದಳು.

"ಅಳಲಿ! ನಾನೂ ಅಳ್ತೀನಿ!"

ಬಸ್ಸು ನಿಲ್ದಾಣದಲ್ಲಿ ನಿಂತೇ ಇತ್ತು, ಇಂಜಿನ್ ಗುರುಗುಡುತ್ತಿತ್ತು. ಎದುರಿಗೆ ಸೈಕಲ್ ಅಂಗಡಿ, ಬಾಗಿಲ ತುಂಬ ನೇತುಹಾಕಿದ ಟೈರುಗಳು. ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿ ಹತ್ತಿದರು, ಹಿಂದೆ ಯಾಕಮ್ಮ, ಹಿಂದೆ ಏದುಸಿರಿನ ಅತ್ತೆ. ದೊಡ್ಡಮ್ಮ ಎಲ್ಲರಿಗಿಂತ ಹಿಂದೆ, ಗೋಡೆ ಹಿಡಿದು ನಿಧಾನವಾಗಿ ಬಂದರು. ಗೋಡೆಯುದ್ದಕ್ಕೂ ನೀಲಿ ಬೆರಳಚ್ಚು ಮೂಡಿತು.

ಬಾಗಿಲು ತೆರೆದಿತ್ತು. ಒಂದು ಮಂಚ, ಒಂದು ಕುರ್ಚಿ, ಕುರ್ಚಿಯ ಮೇಲೆ ಕಟ್ಟಿಟ್ಟ ಚೀಲ. ಚೀಲದ ಪಕ್ಕದಲ್ಲಿ ನಿಂತಿದ್ದವರು ತಿರುಗಿದರು.

ಬೆಳಿಗ್ಗೆಯಿಂದ ಯಾಕಮ್ಮ ಬೆರಳಾಡಿಸಿದ ಅದೇ ಸುಕ್ಕು, ಬಾಯಿಯ ಪಕ್ಕದ ಅದೇ ಗೆರೆ. ಕೆಂಪು ಮಣ್ಣು ಎದ್ದು ನಿಂತು ಕಣ್ಣು ಬಿಟ್ಟ ಹಾಗೆ.

"ಅಪ್ಪಾ," ಎಂದರು ಮೇಷ್ಟ್ರು. "ಅತ್ತೇನ ಕರಕೊಂಡು ಬಂದಿದ್ದೀನಿ. ಅವರೇ ಬಂದ್ರಪ್ಪಾ!"

ಮುದುಕರ ಕೈಯಿಂದ ಟವೆಲ್ಲು ಜಾರಿತು. "ಬಂದಳಾ?" ಅವರ ಮುಖವೆಲ್ಲ ಒಮ್ಮೆಲೇ ಹರೆಯದ್ದಾಯಿತು. "ಅಕ್ಕಾ? ಎಲ್ಲಿ? ದಾರಿ ಬಿಡ್ರೋ!"

ಯಾಕಮ್ಮ ಗೋಡೆಗೆ ಅಂಟಿ ದಾರಿ ಬಿಟ್ಟಳು. ದೊಡ್ಡಮ್ಮ ಹೊಸ್ತಿಲ ಮೇಲೆ ಬಂದು ನಿಂತರು.

ಮುದುಕರು ಚಾಚಿದ ಕೈ ಚಾಚಿಕೊಂಡೇ ಹತ್ತಿರ ಹೋದರು. ಮುಖ ನೋಡಿದರು. ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ಯಾರಪ್ಪಾ ಇವರು?"

"ಅಪ್ಪಾ! ವಯಸ್ಸಾಗಿದೆ ಅವರಿಗೂ. ಸರಿಯಾಗಿ ನೋಡಿ."

"ಸರಿಯಾಗೇ ನೋಡ್ತಿದ್ದೀನಿ ಮಗಾ." ಮುದುಕರ ದನಿಯಲ್ಲಿ ಕೋಪವಿರಲಿಲ್ಲ, ಬರೀ ದಿಗಿಲು. "ವಯಸ್ಸಾದ್ರೆ ಕೂದಲು ಹಣ್ಣಾಗುತ್ತೆ, ಬೆನ್ನು ಬಾಗುತ್ತೆ. ಕಣ್ಣಿನ ಬಣ್ಣ ಬದಲಾಗುತ್ತಾ? ನಮ್ಮಕ್ಕನದು ಬೆಕ್ಕಿನ ಕಣ್ಣು. ಇಡೀ ಊರಲ್ಲಿ ಅವಳೊಬ್ಬಳಿಗೇ ಇದ್ದದ್ದು. ಅದನ್ನ ಬಲ್ಲ ಹಳಬರು ಈಗ ಯಾರೂ ಉಳಿದಿಲ್ಲವೇನೋ, ಆದ್ರೆ ನಾನು ಮರೆತಿಲ್ಲ. ಇವರು ನನ್ನ ಅಕ್ಕ ಅಲ್ಲ."

ಅತ್ತೆಯ ಬೆರಳುಗಳು ಯಾಕಮ್ಮನ ಭುಜವನ್ನು ಗಟ್ಟಿಯಾಗಿ ಹಿಡಿದವು.

ಕೆಳಗೆ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ತಿಮಿಂಗಿಲದ ಸುತ್ತ ನೆರೆದ ಮಕ್ಕಳ ಗಲಾಟೆ ಕಿಟಕಿಯಿಂದ ಬರುತ್ತಿತ್ತು. ಯಾಕಮ್ಮ ದೊಡ್ಡಮ್ಮನ ಮುಖವನ್ನೇ ನೋಡಿದಳು. ಈಗ ನಗುತ್ತಾರೆ, ಈಗ ಬೈಯುತ್ತಾರೆ, ಹೋಗೋ ಹುಚ್ಚಪ್ಪಾ ನಾನೇ ಕಣೋ ನಿನ್ನಕ್ಕ ಅನ್ನುತ್ತಾರೆ ಎಂದು ಕಾದಳು.

ದೊಡ್ಡಮ್ಮ ನಗಲಿಲ್ಲ. ಬೈಯಲಿಲ್ಲ. ನಾನೇ ನಿನ್ನಕ್ಕ ಅನ್ನಲೂ ಇಲ್ಲ. ಹೊಸ್ತಿಲು ದಾಟಿ ಒಳಗೆ ಬಂದರು. ಎಲ್ಲರಿಗೂ ಬೆನ್ನು ಮಾಡಿ ಬಾಗಿಲು ಮುಚ್ಚಿದರು. ನೀಲಿ ಮೆತ್ತಿದ ಕೈಯಿಂದ ಅಗುಳಿಯನ್ನು ಕೊನೆಯವರೆಗೂ ಎಳೆದು, ಯಾರೂ ಹೊರಗೆ ಹೋಗದ ಹಾಗೆ ಬಿಗಿಯಾಗಿ ಹಾಕಿದರು.